ನೆಲದಿಂದ ಮೇಲೇಳುವ ಬೆಳಕು ಮತ್ತು ಎರಡು ಮುಖದ ಜೋಡಿ ಸೌರಕೋಶ

ಜನವರಿಯ ಮಧ್ಯಾಹ್ನ ಮೂಡಿಗೆರೆ ಕಡೆಯ ಕಾಫಿ ಕಣದಲ್ಲಿ ನಿಂತವರಿಗೆ ಈ ಅನುಭವ ಹೊಸದಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದು, ತೊಳೆದು, ಸಿಮೆಂಟಿನ ಕಣದ ಮೇಲೆ ತೆಳುವಾಗಿ ಹರಡಿದ, ತಿಳಿಬಣ್ಣದ ಹೊಟ್ಟಿರುವ ಪಾರ್ಚ್‌ಮೆಂಟ್ ಕಾಫಿಯ ನಡುವೆ ನಿಂತರೆ, ತಲೆಗೆ ಟೋಪಿ ಇದ್ದರೂ ಕಣ್ಣು ಕಿರಿದು ಮಾಡಿಕೊಳ್ಳಬೇಕಾಗುತ್ತದೆ; ಬೆಳಕು ಮೇಲಿನಿಂದ ಬರುವುದಲ್ಲದೆ ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ಪಕ್ಕದಲ್ಲೇ ಚೆರಿ, ಅಂದರೆ ಸಿಪ್ಪೆ ಸುಲಿಯದ ಇಡೀ ಹಣ್ಣು, ಒಣಗುತ್ತಿದ್ದರೆ, ಕಪ್ಪಗಾಗುತ್ತ ಬಂದ ಆ ಹಾಸಿನ ಬಳಿ ಅಷ್ಟು ಕಣ್ಣು ಕೋರೈಸುವುದಿಲ್ಲ. ಸೂರ್ಯ ಒಬ್ಬನೇ, ಬಿಸಿಲೂ ಒಂದೇ. ನೆಲ ಮಾತ್ರ ಬೇರೆ. ಹೀಗೆ ನೆಲದಿಂದ ಮರಳುವ ಬೆಳಕನ್ನು ವಿದ್ಯುತ್ತಾಗಿಸುವ ಎರಡು ಮುಖದ ಸೌರಫಲಕಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ. ಆದರೆ ಇಂದಿನ ಬಹುತೇಕ ಸೌರಫಲಕಗಳ ಮೂಲವಸ್ತುವಾದ ಸಿಲಿಕಾನ್ ಮೇಲೆ ಪೆರೋವ್‌ಸ್ಕೈಟ್ ಎಂಬ ಇನ್ನೊಂದು ವಸ್ತುವಿನ ಪದರ ಕೂರಿಸಿದ ಜೋಡಿ ಕೋಶಕ್ಕೆ ಇದೇ ಉಪಾಯವನ್ನು ಅನ್ವಯಿಸಹೊರಟಾಗ ಲೆಕ್ಕ ಅಷ್ಟು ನೇರವಾಗಿ ಉಳಿಯುವುದಿಲ್ಲ. ಆ ಜೋಡಿ ಕೋಶವನ್ನು ಯಾವ ನೆಲದ ಮೇಲೆ ನಿಲ್ಲಿಸುತ್ತೇವೆ ಎಂಬುದನ್ನು ಅದನ್ನು ತಯಾರಿಸುವ ಮೊದಲೇ ಯೋಚಿಸಬೇಕಾಗುತ್ತದೆ. ಏಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸಿಲಿಕಾನ್‌ನ ಮಿತಿಯನ್ನು ನೋಡೋಣ. ಬೆಳಕು ಫೋಟಾನ್ ಎಂಬ ಸಣ್ಣ ಸಣ್ಣ ಶಕ್ತಿಯ ಕಟ್ಟುಗಳಾಗಿ ಬರುತ್ತದೆ. ಸಿಲಿಕಾನ್‌ನಲ್ಲಿರುವ ಎಲೆಕ್ಟ್ರಾನ್ ತನ್ನ ಜಾಗ ಬಿಟ್ಟು ಹರಿಯುವಂತಾಗಲು ಕನಿಷ್ಠ 1.12 ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಬೇಕು. ಈ ಹೊಸ್ತಿಲಿಗೆ ಬ್ಯಾಂಡ್‌ಗ್ಯಾಪ್ ಎಂದು ಹೆಸರು. ಅದಕ್ಕಿಂತ ಕಡಿಮೆ ಶಕ್ತಿಯ, ಅಂದರೆ ಸುಮಾರು 1100 ನ್ಯಾನೋಮೀಟರ್‌ಗಿಂತ ಉದ್ದ ತರಂಗಾಂತರದ ಬೆಳಕಿನಿಂದ ಸಿಲಿಕಾನ್‌ಗೆ ಪ್ರಯೋಜನವಿಲ್ಲ. ಇನ್ನು ಹೆಚ್ಚು ಶಕ್ತಿಯ ಫೋಟಾನ್ ಬಂದರೆ ಏನಾಗುತ್ತದೆ? 450 ನ್ಯಾನೋಮೀಟರ್‌ನ ನೀಲಿ ಬೆಳಕಿನ ಒಂದು ಫೋಟಾನ್‌ನಲ್ಲಿ ಸುಮಾರು 2.75 ಎಲೆಕ್ಟ್ರಾನ್‌ವೋಲ್ಟ್ ಇರುತ್ತದೆ. ಅದು ಕೂಡ ಒಂದೇ ಒಂದು ಎಲೆಕ್ಟ್ರಾನನ್ನು ಬಿಡಿಸುತ್ತದೆ, 1.12ಕ್ಕಿಂತ ಮೇಲಿದ್ದ ಪಾಲೆಲ್ಲ, ಅಂದರೆ ಅರ್ಧಕ್ಕಿಂತ ಹೆಚ್ಚು, ಕ್ಷಣಮಾತ್ರದಲ್ಲಿ ಶಾಖವಾಗಿ ಫಲಕವನ್ನು ಬಿಸಿ ಮಾಡುತ್ತದೆ. ವಿಲಿಯಂ ಶಾಕ್ಲಿ ಮತ್ತು ಹಾನ್ಸ್ ಕ್ವೈಸರ್ 1961ರಲ್ಲಿ ಇಂಥ ನಷ್ಟಗಳನ್ನು ಲೆಕ್ಕಕ್ಕೆ ಹಿಡಿದು, ಒಂದೇ ವಸ್ತುವಿನ ಕೋಶ ಎಷ್ಟು ದಕ್ಷವಾಗಬಲ್ಲದು, ಅಂದರೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ವಿದ್ಯುತ್ತಾಗಿಸಬಲ್ಲದು ಎಂಬ ಮಿತಿಯನ್ನು ತೋರಿಸಿಕೊಟ್ಟರು. ಸಿಲಿಕಾನ್‌ನ ಸ್ವಭಾವವನ್ನೂ ಸೇರಿಸಿಕೊಂಡರೆ ಅದರ ಮಿತಿ ಶೇ. 29.4ರ ಹತ್ತಿರ ನಿಲ್ಲುತ್ತದೆ. ಪ್ರಯೋಗಾಲಯದ ಅತ್ಯುತ್ತಮ ಸಿಲಿಕಾನ್ ಕೋಶಗಳು ಈಗಾಗಲೇ ಶೇ. 27ನ್ನು ದಾಟಿವೆ. ಸಿಲಿಕಾನ್ ಒಂದನ್ನೇ ನಂಬಿಕೊಂಡರೆ ಇನ್ನು ಏರಲು ಉಳಿದಿರುವುದು ಒಂದೆರಡು ಮೆಟ್ಟಿಲು ಮಾತ್ರ.

ಈ ಮಿತಿಯನ್ನು ದಾಟುವ ಉಪಾಯ ಹೊಸದೇನಲ್ಲ. ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ, ಊರಿನವರ ಬಾಯಲ್ಲಿ ಎಂಸಿಎಫ್, 1982ರಿಂದ ನಮ್ಮ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಈ ಕಾಲದ ಸಂಪರ್ಕ ಉಪಗ್ರಹಗಳ ರೆಕ್ಕೆಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದರ ಮೇಲೊಂದು ಮೂರು ಪದರಗಳಿರುವ ಕೋಶಗಳು: ಮೇಲೆ ಗ್ಯಾಲಿಯಂ ಇಂಡಿಯಂ ಫಾಸ್ಫೈಡ್, ನಡುವೆ ಗ್ಯಾಲಿಯಂ ಆರ್ಸನೈಡ್, ಕೆಳಗೆ ಜರ್ಮೇನಿಯಂ. ಮೇಲಿನ ಪದರ ಹೆಚ್ಚು ಶಕ್ತಿಯ ನೀಲಿ, ಹಸಿರು ಬೆಳಕನ್ನು ತನ್ನ ಹೆಚ್ಚಿನ ವೋಲ್ಟೇಜಿನಲ್ಲಿ ಬಳಸಿಕೊಂಡು ಉಳಿದದ್ದನ್ನು ಕೆಳಕ್ಕೆ ಬಿಡುತ್ತದೆ. ಕೆಳಗಿನವು ತಮ್ಮ ಪಾಲನ್ನು ತೆಗೆದುಕೊಳ್ಳುತ್ತವೆ. ಉಪಗ್ರಹಕ್ಕೆ ಈ ಖರ್ಚು ಸಲ್ಲುತ್ತದೆ. ಆ ಹರಳುಗಳನ್ನು ಬೆಳೆಸುವ ವೆಚ್ಚ ಎಷ್ಟೆಂದರೆ ಮನೆಯ ತಾರಸಿಗಾಗಲಿ ತೋಟದ ಪಂಪ್‌ಸೆಟ್ಟಿಗಾಗಲಿ ಅವನ್ನು ಯೋಚಿಸುವಂತೆಯೇ ಇಲ್ಲ. ಉಪಾಯ ಗೊತ್ತಿತ್ತು; ಅಗ್ಗದ ಮೇಲ್ಪದರ ಸಿಕ್ಕಿರಲಿಲ್ಲ.

ಕಾಫಿ ಬೆಳೆಗಾರರಿಗೆ ಈ ಉಪಾಯವನ್ನು ಬೇರೆ ರೀತಿಯಲ್ಲಿಯೂ ಹೇಳಬಹುದು. ನಮ್ಮ ತೋಟಗಳಲ್ಲಿ ಮೇಲೆ ಸಿಲ್ವರ್ ಓಕ್, ಅತ್ತಿ, ಹಲಸು, ಕೆಳಗೆ ಕಾಫಿ. ಮೇಲಿನ ಮರ ತನಗೆ ಬೇಕಾದ ಬಿಸಿಲನ್ನು ತೆಗೆದುಕೊಂಡು ಉಳಿದದ್ದನ್ನು ಕೆಳಗೆ ಬಿಡುತ್ತದೆ, ಕೆಳಗಿನ ಗಿಡ ಅದರಲ್ಲಿ ಬದುಕುತ್ತದೆ. ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿಸುವವರು ಎಷ್ಟು ರೆಂಬೆ ಕಡಿಯಬೇಕು, ಎಷ್ಟು ಉಳಿಸಬೇಕು ಎಂದು ನಿರ್ಧರಿಸುವಾಗ ಮೇಲಿನದಕ್ಕೂ ಕೆಳಗಿನದಕ್ಕೂ ಬೆಳಕನ್ನು ಹಂಚುತ್ತಿರುತ್ತಾರೆ. ಜೋಡಿ ಕೋಶ ಮಾಡುವವರ ಕೆಲಸವೂ ಇದೇ. ಒಂದು ವ್ಯತ್ಯಾಸವಿದೆ: ಮರಗಸಿಯಲ್ಲಿ ಹಂಚುವುದು ಬೆಳಕಿನ ಪ್ರಮಾಣವನ್ನು, ಕೋಶದಲ್ಲಿ ಹಂಚುವುದು ಬೆಳಕಿನ ಬಣ್ಣವನ್ನು.

ಅಗ್ಗದ ಮೇಲ್ಪದರವಾಗಿ ಒದಗಿ ಬಂದದ್ದು ಪೆರೋವ್‌ಸ್ಕೈಟ್. 1839ರಲ್ಲಿ ಗುಸ್ತಾವ್ ರೋಸ್ ಎಂಬ ಜರ್ಮನ್ ವಿಜ್ಞಾನಿ ಉರಲ್ ಪರ್ವತದ ಒಂದು ಖನಿಜವನ್ನು ವಿವರಿಸಿ, ರಷ್ಯಾದ ಲೆವ್ ಪೆರೋವ್‌ಸ್ಕಿಯ ಹೆಸರನ್ನು ಅದಕ್ಕಿಟ್ಟರು. ಸೌರಕೋಶದಲ್ಲಿರುವುದು ಆ ಖನಿಜವಲ್ಲ, ಅದೇ ಬಗೆಯ ಹರಳಿನ ಕಟ್ಟಡವಿರುವ ಕೃತಕ ವಸ್ತು: ಸೀಸ, ಅದರ ಸುತ್ತ ಅಯೋಡಿನ್ ಮತ್ತು ಬ್ರೋಮಿನ್, ನಡುವಿನ ಖಾಲಿ ಜಾಗಗಳಲ್ಲಿ ಸೀಸಿಯಂ ಅಥವಾ ಸಣ್ಣ ಸಾವಯವ ಅಣುಗಳು. ಜಪಾನಿನ ತ್ಸುತೊಮು ಮಿಯಾಸಾಕಾ ಅವರ ತಂಡ 2009ರಲ್ಲಿ ಇದರಿಂದ ಮಾಡಿದ ಕೋಶದ ದಕ್ಷತೆ ಶೇ. 3.8 ಇತ್ತು. ಅಲ್ಲಿಂದ ಮುಂದೆ ಈ ವಸ್ತು ಏರಿದ ವೇಗವನ್ನು ಸೌರವಿದ್ಯುತ್ತಿನ ಚರಿತ್ರೆಯಲ್ಲಿ ಬೇರೆ ಯಾವ ವಸ್ತುವೂ ಕಂಡಿಲ್ಲ. ಸಿಲಿಕಾನ್ ಕೋಶ ನೂರು ನೂರೈವತ್ತು ಮೈಕ್ರಾನ್ ದಪ್ಪ ಇರಬೇಕಾದ ಕಡೆ, ಇದು ಅರ್ಧ ಮೈಕ್ರಾನ್ ಇದ್ದರೂ ಬೆಳಕನ್ನು ಚೆನ್ನಾಗಿ ಹೀರುತ್ತದೆ. ದ್ರಾವಣವಾಗಿ ಲೇಪಿಸಬಹುದು, ಆವಿಯಾಗಿಸಿ ಕೂರಿಸಬಹುದು. ಎಲ್ಲಕ್ಕಿಂತ ಮುಖ್ಯವಾದ ಗುಣವೆಂದರೆ ಇದರ ಬ್ಯಾಂಡ್‌ಗ್ಯಾಪನ್ನು ನಾವು ಹೇಳಿದಲ್ಲಿ ನಿಲ್ಲಿಸಬಹುದು: ಬ್ರೋಮಿನ್ ಹೆಚ್ಚಿಸಿದರೆ ಹೊಸ್ತಿಲು ಏರುತ್ತದೆ, ಅಯೋಡಿನ್ ಹೆಚ್ಚಿಸಿದರೆ ಇಳಿಯುತ್ತದೆ. ಸಿಲಿಕಾನ್‌ಗೆ ಈ ಬಗ್ಗುವ ಗುಣವಿಲ್ಲ.

ಈಗ ಎರಡನ್ನೂ ಸೇರಿಸೋಣ. ಹೆಚ್ಚು ಬಳಕೆಗೆ ಬರಬಹುದಾದ ವಿನ್ಯಾಸದಲ್ಲಿ ಪೆರೋವ್‌ಸ್ಕೈಟನ್ನು ನೇರವಾಗಿ ಸಿಲಿಕಾನ್ ಕೋಶದ ಮೇಲೆಯೇ ಕೂರಿಸಿ, ನಡುವೆ ಬಹು ತೆಳುವಾದ ಪಾರದರ್ಶಕ ಪದರವೊಂದನ್ನು ಇಟ್ಟು, ಎರಡನ್ನೂ ಸರಣಿಯಲ್ಲಿ ಜೋಡಿಸುತ್ತಾರೆ. ಹೊರಗೆ ಬರುವುದು ಎರಡೇ ತಂತಿ. ಸರಣಿಯಲ್ಲಿ ವೋಲ್ಟೇಜುಗಳು ಕೂಡಿಕೊಳ್ಳುತ್ತವೆ. ಪೆರೋವ್‌ಸ್ಕೈಟ್‌ನ ಸುಮಾರು 1.2 ಮತ್ತು ಸಿಲಿಕಾನ್‌ನ ಸುಮಾರು 0.7 ಸೇರಿ ಒಂದು ಕೋಶದಿಂದಲೇ 1.9 ವೋಲ್ಟ್ ಸಿಗುತ್ತದೆ. ಆದರೆ ಪ್ರವಾಹ ಕೂಡಿಕೊಳ್ಳುವುದಿಲ್ಲ. ಒಂದೇ ಕಾಲುವೆಯಲ್ಲಿ ಸಾಲಾಗಿ ಎರಡು ತೂಬುಗಳಿದ್ದರೆ ಕಿರಿದಾದ ತೂಬು ಬಿಟ್ಟಷ್ಟೇ ನೀರು ಗದ್ದೆಯನ್ನು ಸೇರುತ್ತದೆ, ಅಗಲವಾದ ತೂಬು ಎಷ್ಟೇ ಅಗಲವಾಗಿದ್ದರೂ ಉಪಯೋಗವಿಲ್ಲ. ಹಾಗೆಯೇ ಇಲ್ಲಿಯೂ ಎರಡರಲ್ಲಿ ಯಾವುದರ ಪ್ರವಾಹ ಕಡಿಮೆಯೋ ಅದೇ ಇಡೀ ಕೋಶದ ಪ್ರವಾಹವನ್ನು ನಿರ್ಧರಿಸುತ್ತದೆ. ಆದ್ದರಿಂದ ಮೇಲಿನದೂ ಕೆಳಗಿನದೂ ಸರಿಸಮನಾಗಿ ಬೆಳಕನ್ನು ಹಂಚಿಕೊಳ್ಳಬೇಕು. ಒಂದು ಚದರ ಸೆಂಟಿಮೀಟರಿಗೆ ಒಟ್ಟು ಸುಮಾರು 40 ಮಿಲಿಆಂಪಿಯರ್ ಸಿಗುವಷ್ಟು ಬೆಳಕಿದ್ದರೆ ತಲಾ 20. ಮೇಲಿನಿಂದ ಮಾತ್ರ ಬೆಳಕು ಬೀಳುವ ಕೋಶದಲ್ಲಿ ಈ ಸಮಪಾಲು ಒದಗುವುದು ಪೆರೋವ್‌ಸ್ಕೈಟ್‌ನ ಬ್ಯಾಂಡ್‌ಗ್ಯಾಪ್ 1.68 ಎಲೆಕ್ಟ್ರಾನ್‌ವೋಲ್ಟ್ ಆಸುಪಾಸಿನಲ್ಲಿದ್ದಾಗ. ಹೀಗೆ ಸಮತೋಲನ ಸಾಧಿಸಿದ ಸಣ್ಣ ಕೋಶಗಳಲ್ಲಿ ಚೀನಾದ ಲೊಂಗಿ ಸಂಸ್ಥೆ 2024ರಲ್ಲಿ ಶೇ. 34.6 ಮತ್ತು 2025ರಲ್ಲಿ ಶೇ. 34.85 ದಕ್ಷತೆಯನ್ನು ತೋರಿಸಿದೆ. ಸಿಲಿಕಾನ್‌ನ ಮಿತಿ ಹಿಂದೆ ಉಳಿಯಿತು.

ಇಂಥ ಕೋಶದ ಹಿಂಭಾಗವನ್ನೂ ತೆರೆದು ನೆಲದ ಬೆಳಕಿಗೆ ಒಡ್ಡಿದರೆ ಏನಾಗುತ್ತದೆ? ಈ ವಿಷಯದ ತಿರುಳು ಇಲ್ಲಿದೆ ಎಂದು ನನ್ನ ಎಣಿಕೆ. ಹಿಂದಿನಿಂದ ಬರುವ ಬೆಳಕು ಮೊದಲು ಸಿಲಿಕಾನನ್ನೇ ತಲುಪುತ್ತದೆ. ಪೆರೋವ್‌ಸ್ಕೈಟ್ ಬಳಸಬಲ್ಲ ಬಣ್ಣಗಳೆಲ್ಲ ಅಲ್ಲಿಯೇ ಹೀರಲ್ಪಡುವುದರಿಂದ ಮೇಲ್ಪದರಕ್ಕೆ ಅದರಿಂದ ಏನೂ ದಕ್ಕುವುದಿಲ್ಲ. ಲೆಕ್ಕಕ್ಕೆಂದು ನೆಲದ ಬೆಳಕು ಸಿಲಿಕಾನ್‌ಗೆ 3 ಮಿಲಿಆಂಪಿಯರ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಈಗ ಮೇಲೆ 20, ಕೆಳಗೆ 23. ಕೋಶದಿಂದ ಹೊರಬರುವುದು ಆಗಲೂ 20. ಬಂದ ಬೆಳಕು ಬಂದ ಹಾಗೆಯೇ ವ್ಯರ್ಥವಾಯಿತು. ಎರಡು ಮುಖದ ಸಾಮಾನ್ಯ ಸಿಲಿಕಾನ್ ಫಲಕದಲ್ಲಿ ಹಿಂಬದಿಯ ಬೆಳಕೆಲ್ಲ ನೇರವಾಗಿ ಲಾಭಕ್ಕೆ ಸೇರಿಕೊಳ್ಳುತ್ತದೆ. ಮುಂಬದಿಯ ಬಿಸಿಲಿಗೆ ಮಾತ್ರ ಹೊಂದಿಸಿದ ಜೋಡಿ ಕೋಶದಲ್ಲಿ ಅದು ಹಾಗೆ ಸೇರುವುದಿಲ್ಲ.

ಪರಿಹಾರವೆಂದರೆ ಮೇಲಿನ ಪದರಕ್ಕೆ ಇನ್ನಷ್ಟು ಬೆಳಕನ್ನು ಬಿಟ್ಟುಕೊಡುವುದು. ಪೆರೋವ್‌ಸ್ಕೈಟ್‌ನ ಹೊಸ್ತಿಲನ್ನು ಸ್ವಲ್ಪ ಇಳಿಸಿದರೆ ಅದು ಮೊದಲು ಕೆಳಕ್ಕೆ ಬಿಡುತ್ತಿದ್ದ ಕಡುಗೆಂಪು ಬೆಳಕಿನ ಒಂದು ಪಟ್ಟಿಯನ್ನು ತಾನೇ ಹೀರತೊಡಗುತ್ತದೆ. ಮೇಲಿನದು 20ರಿಂದ 21.5ಕ್ಕೆ ಏರುತ್ತದೆ, ಸಿಲಿಕಾನ್‌ಗೆ ಮೇಲಿನಿಂದ ಸಿಗುವುದು 18.5ಕ್ಕೆ ಇಳಿದರೂ ನೆಲದ 3 ಸೇರಿ ಅದೂ 21.5 ಆಗುತ್ತದೆ. ಪ್ರವಾಹ ಶೇ. 7.5ರಷ್ಟು ಹೆಚ್ಚಿತು. ಹೊಸ್ತಿಲು ಇಳಿದದ್ದರಿಂದ ವೋಲ್ಟೇಜ್ ತುಸು ಕುಂದುತ್ತದೆ, ಆದರೆ ಆ ನಷ್ಟ ಈ ಲಾಭಕ್ಕಿಂತ ಬಹಳ ಕಡಿಮೆ. ಮರಗಸಿಯ ಮಾತಿನಲ್ಲಿ ಹೇಳುವುದಾದರೆ, ಕೆಳಗಿನ ಗಿಡಕ್ಕೆ ನೆಲದಿಂದಲೇ ಒಂದಿಷ್ಟು ಬೆಳಕು ಸಿಗುವಂತಿದ್ದರೆ ಮೇಲಿನ ನೆರಳನ್ನು ಇನ್ನಷ್ಟು ದಟ್ಟವಾಗಿ ಉಳಿಸಿಕೊಳ್ಳಬಹುದು. ಸೌದಿ ಅರೇಬಿಯಾದ ಕಿಂಗ್ ಅಬ್ದುಲ್ಲಾ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಮಾಡಿ ತೋರಿಸಿದ್ದು ಇದನ್ನೇ. ಬ್ಯಾಂಡ್‌ಗ್ಯಾಪನ್ನು ಇಳಿಸಿದ ಅವರ ಎರಡು ಮುಖದ ಜೋಡಿ ಕೋಶ ಬಯಲಿನ ಪರೀಕ್ಷೆಯಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 26 ಮಿಲಿವಾಟ್ ಕೊಟ್ಟಿತು.

ಈ 26 ಎಂಬ ಸಂಖ್ಯೆಯನ್ನು ಶೇ. 26 ದಕ್ಷತೆ ಎಂದು ಓದಬಾರದು. ದಕ್ಷತೆ ಎಂದರೆ ಬಂದ ಬೆಳಕಿನಲ್ಲಿ ಎಷ್ಟು ಪಾಲು ವಿದ್ಯುತ್ತಾಯಿತು ಎಂಬುದು. ಎರಡು ಕಡೆಯಿಂದ ಬೆಳಕು ಬೀಳುವಾಗ ಭಾಗಿಸಬೇಕಾದ ಸಂಖ್ಯೆಯೇ ಬದಲಾಗುತ್ತದೆ. ಆದ್ದರಿಂದಲೇ ಇಂಥ ಕೋಶಗಳ ವಿಷಯದಲ್ಲಿ ಶೇಕಡಾವಾರಿಗಿಂತ ಇಷ್ಟು ಜಾಗಕ್ಕೆ ಇಷ್ಟು ಶಕ್ತಿ ಎಂದು ಹೇಳುವುದೇ ಪ್ರಾಮಾಣಿಕ ಕ್ರಮ. ಎರಡು ಮುಖದ ಫಲಕಗಳ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ಮುಂಬದಿಗೆ ಚದರ ಮೀಟರಿಗೆ 1000 ವಾಟ್, ಹಿಂಬದಿಗೆ 135 ವಾಟ್ ಎಂದು ನಿಗದಿ ಮಾಡಿಕೊಂಡಿರುವುದು ಕೂಡ ಹೋಲಿಕೆ ನ್ಯಾಯವಾಗಿರಲಿ ಎಂದೇ.

ಹೊಸ್ತಿಲು ಇಳಿಸುವುದರಿಂದ ಇನ್ನೊಂದು ಲಾಭವೂ ಇದೆ. ಹೊಸ್ತಿಲು ಏರಿಸಲು ಬ್ರೋಮಿನ್ ಬೇಕು ಎಂದೆನಲ್ಲ. ಬ್ರೋಮಿನ್ ಹೆಚ್ಚಾದ ಪೆರೋವ್‌ಸ್ಕೈಟ್ ಬಿಸಿಲಿಗೆ ಬಿದ್ದಾಗ ಬ್ರೋಮಿನ್ ಒಂದು ಕಡೆ, ಅಯೋಡಿನ್ ಇನ್ನೊಂದು ಕಡೆ ಗುಂಪುಗೂಡುವ ತೊಂದರೆ ಕಾಣಿಸಿಕೊಳ್ಳುತ್ತದೆ. ಹಾಲು ಒಡೆದಂತೆ ಎನ್ನಬಹುದು. ಅಯೋಡಿನ್ ಗುಂಪುಗೂಡಿದ ಜಾಗಗಳು ಎಲೆಕ್ಟ್ರಾನ್‌ಗಳಿಗೆ ಗುಂಡಿಗಳಂತಾಗಿ ವೋಲ್ಟೇಜ್ ಕುಸಿಯುತ್ತದೆ. ಬ್ರೋಮಿನ್ ಕಡಿಮೆ ಸಾಕಾಗುವ ಎರಡು ಮುಖದ ವಿನ್ಯಾಸದಲ್ಲಿ ಈ ಕಾಟವೂ ಕಡಿಮೆ.

ಹಾಗಾದರೆ ನೆಲ ಎಷ್ಟು ಬೆಳಕನ್ನು ಮರಳಿಸುತ್ತದೆ? ಬಿದ್ದ ಬಿಸಿಲಿನಲ್ಲಿ ಮರಳಿ ಹೋಗುವ ಪಾಲಿಗೆ ಆಲ್ಬೆಡೋ ಎನ್ನುತ್ತಾರೆ. ಹುಲ್ಲು ಸುಮಾರು ಐದನೇ ಒಂದು ಭಾಗವನ್ನು ಮರಳಿಸುತ್ತದೆ, ಒಣ ಮಣ್ಣೂ ಹೆಚ್ಚುಕಡಿಮೆ ಅಷ್ಟೇ. ಬಿಳಿ ಬಣ್ಣ ಬಳಿದ ತಾರಸಿ ಅರ್ಧಕ್ಕಿಂತ ಹೆಚ್ಚನ್ನು ಮರಳಿಸುತ್ತದೆ. ನೆತ್ತಿಯ ಬಿಸಿಲಿಗೆ ಕೆರೆಯ ನೀರು ಹತ್ತನೇ ಒಂದಂಶವನ್ನೂ ಮರಳಿಸುವುದಿಲ್ಲ. ಆದರೆ ಈ ಒಟ್ಟು ಸಂಖ್ಯೆ ಒಂದು ಸೂಕ್ಷ್ಮವನ್ನು ಮರೆಮಾಡುತ್ತದೆ, ಮತ್ತು ಆ ಸೂಕ್ಷ್ಮ ನಮ್ಮ ಹಸಿರು ಸೀಮೆಗೆ ಬಹಳ ಮುಖ್ಯ. ಎಲೆ ತನ್ನ ಆಹಾರ ತಯಾರಿಗೆ ಸುಮಾರು 700 ನ್ಯಾನೋಮೀಟರ್‌ವರೆಗಿನ ಬೆಳಕನ್ನು ಹೀರಿಕೊಳ್ಳುತ್ತದೆ. ಅದರಾಚೆಯ ಅವಕೆಂಪು ಬೆಳಕು ಅದಕ್ಕೆ ಬೇಡ. ಒಂದಷ್ಟನ್ನು ಆಚೆಗೆ ಬಿಡುತ್ತದೆ, ಅರ್ಧದ ಹತ್ತಿರ ಹಿಂದಕ್ಕೆ ಕಳುಹಿಸುತ್ತದೆ. ಅಂದರೆ ನಮ್ಮ ಕಣ್ಣಿಗೆ ಕಡುಹಸಿರಾಗಿ, ಮಂಕಾಗಿ ಕಾಣುವ ಹುಲ್ಲುಗಾವಲು ಅವಕೆಂಪಿನಲ್ಲಿ ಬೆಳ್ಳಗೆ ಬೆಳಗುತ್ತಿರುತ್ತದೆ. ಸಿಲಿಕಾನ್‌ಗೆ ಈ ಬೆಳಕು ಚೆನ್ನಾಗಿ ಕಾಣುತ್ತದೆ. ಇದನ್ನು ನೋಡಲು ಪ್ರಯೋಗಾಲಯ ಬೇಡ: ಟಿವಿಯ ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಕಡೆ ಹಿಡಿದು ಗುಂಡಿ ಒತ್ತಿದರೆ, ಬರಿಗಣ್ಣಿಗೆ ಕಾಣದ ಅದರ ಮೂತಿಯ ದೀಪ ಅನೇಕ ಮೊಬೈಲುಗಳ ಪರದೆಯ ಮೇಲೆ ತಿಳಿನೇರಳೆಯಾಗಿ ಮಿನುಗುತ್ತದೆ. ಕ್ಯಾಮೆರಾದ ಒಳಗಿರುವುದೂ ಸಿಲಿಕಾನ್‌ನ ಕಣ್ಣೇ.

ಮಳೆಗಾಲಕ್ಕೆ ಈ ಮಾತನ್ನು ಅನ್ವಯಿಸಿ ನೋಡಿ. ಮೋಡ ಕವಿದ ದಿನ ಬೆಳಕು ಕಡಿಮೆಯಾಗುವುದಷ್ಟೇ ಅಲ್ಲ, ಅದರ ಬಣ್ಣದ ಪಾಕವೂ ಬದಲಾಗುತ್ತದೆ. ಮೋಡದ ನೀರು ಅವಕೆಂಪಿನ ಕೆಲವು ಪಟ್ಟಿಗಳನ್ನು ಹೀರುವುದರಿಂದ ನೆಲಕ್ಕೆ ಬರುವ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚಾಗಿರುತ್ತದೆ. ಆಗ ಜೋಡಿ ಕೋಶದ ಮೇಲಿನ ಪದರಕ್ಕೆ ಧಾರಾಳ, ಕೆಳಗಿನ ಸಿಲಿಕಾನ್‌ಗೆ ಕೊರತೆ. ಅದೇ ದಿನಗಳಲ್ಲಿ ನಮ್ಮ ನೆಲವೆಲ್ಲ ಹಸಿರು ಹೊದ್ದಿರುತ್ತದೆ, ಸಿಲಿಕಾನ್‌ಗೆ ಕೊರತೆಯಾದ ಬಣ್ಣವನ್ನೇ ಹಸಿರು ಕೆಳಗಿನಿಂದ ಒಂದಿಷ್ಟು ತುಂಬಿಕೊಡುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಹಾಸನದ ಬಯಲಿನ ಕೆಂಪು ಮಣ್ಣು ಮೇಲೆ ಬಂದಾಗ ಹಂಚಿಕೆ ಮತ್ತೆ ಬದಲಾಗುತ್ತದೆ. ಮರಳುಗಾಡಿನ ನೆಲವನ್ನು ಎದುರಿಗಿಟ್ಟುಕೊಂಡು ಆರಿಸಿದ ಬ್ಯಾಂಡ್‌ಗ್ಯಾಪ್ ಮಲೆನಾಡಿನ ಅಂಚಿಗೂ ಅದೇ ಆಗಿರಬೇಕಾಗಿಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಫಲಕವನ್ನು ನಿಲ್ಲಿಸುವ ರೀತಿಯೂ ಅಷ್ಟೇ ಮುಖ್ಯ. ತಗಡಿನ ಅಥವಾ ಹೆಂಚಿನ ಚಾವಣಿಗೆ ಅಂಟಿದಂತೆ ಹಾಸಿದರೆ ಹಿಂಬದಿ ಕತ್ತಲೆಯಲ್ಲಿರುತ್ತದೆ, ಎರಡನೆಯ ಮುಖಕ್ಕೆ ಕೊಟ್ಟ ಹಣ ದಂಡ. ಹಾಸನ, ಚಿಕ್ಕಮಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದಲ್ಲಿಯೂ ಆಗಸ್ಟ್ ಮಧ್ಯದ ಸುಮಾರಿಗೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಫಲಕದ ನೆರಳು ಅದರ ಅಡಿಯಲ್ಲೇ ಬೀಳುತ್ತದೆ. ಆ ನೆರಳಿನ ಆಚೆಯ ಬಿಸಿಲು ಬಿದ್ದ ನೆಲ ಹಿಂಬದಿಗೆ ಕಾಣಬೇಕಾದರೆ ಫಲಕ ಎತ್ತರದಲ್ಲಿರಬೇಕು, ಸಾಲುಗಳ ನಡುವೆ ಜಾಗ ಬಿಟ್ಟಿರಬೇಕು. ಇನ್ನೊಂದು ಎಚ್ಚರಿಕೆ ಇಲ್ಲಿ ಅಗತ್ಯ. ಎರಡು ಮುಖದ ಸಾಮಾನ್ಯ ಸಿಲಿಕಾನ್ ಫಲಕಗಳನ್ನು ಬೇಲಿಯ ಹಾಗೆ ನೆಟ್ಟಗೆ, ಒಂದು ಮುಖ ಪೂರ್ವಕ್ಕೆ ಇನ್ನೊಂದು ಪಶ್ಚಿಮಕ್ಕೆ ನಿಲ್ಲಿಸುವ ರೂಢಿ ಇದೆ. ಜಮೀನು ಉಳಿಯುತ್ತದೆ, ಬೆಳಿಗ್ಗೆ ಸಂಜೆ ಎರಡೂ ಹೊತ್ತು ವಿದ್ಯುತ್ ಬರುತ್ತದೆ. ಎರಡು ತಂತಿಯ ಜೋಡಿ ಕೋಶವನ್ನು ಹೀಗೆ ನಿಲ್ಲಿಸುವಂತಿಲ್ಲ. ಹಿಂಬದಿಗೆ ಮಾತ್ರ ಬಿಸಿಲು ಬಿದ್ದು ಮುಂಬದಿ ಮಂಕಾಗಿದ್ದರೆ ಮೇಲಿನ ತೂಬು ಮುಚ್ಚಿದಂತೆಯೇ. ಸಿಲಿಕಾನ್ ಎಷ್ಟೇ ಬೆಳಗಿದರೂ ಹೊರಗೆ ಬರುವುದು ಅತ್ಯಲ್ಪ.

ಈ ತೂಬಿನ ತೊಡಕೇ ಬೇಡವೆಂದು ಎರಡು ಕೋಶಗಳಿಗೂ ಬೇರೆ ಬೇರೆ ತಂತಿ ಕೊಟ್ಟು, ಒಟ್ಟು ನಾಲ್ಕು ತಂತಿಯ ಜೋಡಿ ಮಾಡುವವರೂ ಇದ್ದಾರೆ. ಮುಂಬೈ ಐಐಟಿಯ ಸಂಶೋಧಕರು ಈ ದಾರಿಯಲ್ಲಿ ಶೇ. 30ರ ಸಮೀಪಕ್ಕೆ ತಲುಪಿದ್ದಾರೆ. ಅಲ್ಲಿ ಪ್ರವಾಹ ಹೊಂದಿಸುವ ಚಿಂತೆ ಇಲ್ಲ, ನೆಲದ ಬೆಳಕೂ ವ್ಯರ್ಥವಾಗುವುದಿಲ್ಲ. ಬದಲಿಗೆ ಪಾರದರ್ಶಕ ಪದರಗಳು ಹೆಚ್ಚು, ತಂತಿ ಜೋಡಣೆ ಹೆಚ್ಚು, ಖರ್ಚೂ ಹೆಚ್ಚು.

ಬಾಳಿಕೆಯ ಪ್ರಶ್ನೆಯನ್ನು ಬಿಟ್ಟು ಈ ಲೇಖನವನ್ನು ಮುಗಿಸಿದರೆ ಅದು ಓದುಗರಿಗೆ ಮಾಡುವ ಮೋಸವಾಗುತ್ತದೆ. ಸಿಲಿಕಾನ್ ಫಲಕಕ್ಕೆ 25 ವರ್ಷದ ಭರವಸೆ ಕೊಡುವುದು ಸಾಮಾನ್ಯ. ಪೆರೋವ್‌ಸ್ಕೈಟ್ ಉಪ್ಪಿನ ಜಾತಿಯ ವಸ್ತು. ತೇವ, ಶಾಖ, ಆಮ್ಲಜನಕ, ನೇರಳಾತೀತ ಕಿರಣ ಇವೆಲ್ಲವೂ ಅದಕ್ಕೆ ಶತ್ರುಗಳು. ಫಲಕಗಳನ್ನು 85 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಶೇ. 85 ತೇವಾಂಶದಲ್ಲಿ 1000 ಗಂಟೆ ಇಟ್ಟು ನೋಡುವ ಪರೀಕ್ಷೆಯೊಂದಿದೆ. ಅದನ್ನು ಪಾಸು ಮಾಡುವುದು ಆರಂಭ ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುವ ಸಕಲೇಶಪುರದ ಮಳೆಗಾಲವನ್ನು ವರ್ಷ ವರ್ಷವೂ ತಾಳುವುದು ಬೇರೆಯೇ ಪರೀಕ್ಷೆ. ಎರಡು ಮುಖದ ವಿನ್ಯಾಸದಲ್ಲಿ ಹಿಂದೆಯೂ ಗಾಜನ್ನೇ ಹಾಕುವುದರಿಂದ ಪ್ಲಾಸ್ಟಿಕ್ ಹಾಳೆಗಿಂತ ತೇವ ಒಳಗೆ ನುಸುಳುವುದು ಕಷ್ಟ, ಅಂಚುಗಳಿಗೆ ಬ್ಯುಟೈಲ್ ರಬ್ಬರಿನ ಮುದ್ರೆ ಸೇರಿದರೆ ರಕ್ಷಣೆ ಇನ್ನೂ ಗಟ್ಟಿ.

ಸೀಸದ ವಿಷಯವೂ ಹೀಗೆಯೇ ನೇರವಾಗಿ ಮಾತನಾಡಬೇಕಾದದ್ದು. ಅರ್ಧ ಮೈಕ್ರಾನ್ ದಪ್ಪದ ಪದರದಲ್ಲಿ ಒಂದು ಚದರ ಮೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ ಸೀಸ ಇರುತ್ತದೆ. ಪ್ರಮಾಣ ಸಣ್ಣದು, ಆದರೆ ಅದು ನೀರಿನಲ್ಲಿ ಕರಗಬಲ್ಲ ರೂಪದಲ್ಲಿದೆ. ಹೇಮಾವತಿ ಹುಟ್ಟುವುದೇ ಮೂಡಿಗೆರೆ ತಾಲ್ಲೂಕಿನಲ್ಲಿ; ಗಾಳಿಮಳೆಗೆ ಮರದ ರೆಂಬೆ ಬಿದ್ದು ಗಾಜು ಒಡೆಯುವುದು ನಮ್ಮಲ್ಲಿ ಅಪರೂಪವೂ ಅಲ್ಲ. ಒಡೆದಾಗ ಸೀಸವನ್ನು ಹಿಡಿದಿಟ್ಟುಕೊಳ್ಳುವ ಪದರಗಳ ಮೇಲೆ ಸಂಶೋಧನೆ ನಡೆದಿದೆ. ಒಡೆದ ಫಲಕವನ್ನು ಮರಳಿ ಪಡೆಯುವ ವ್ಯವಸ್ಥೆಯನ್ನೂ ಮಾರುವವರೇ ಹೊರಬೇಕೆಂದು ಕೊಳ್ಳುವವರು ಕೇಳುವುದು ನ್ಯಾಯ.

ಜೋಡಿ ಕೋಶಗಳ ಫಲಕ ಕಾರ್ಖಾನೆಯಿಂದ ಹೊರಬಿದ್ದಾಗಿದೆ. ಬ್ರಿಟನ್ನಿನ ಆಕ್ಸ್‌ಫರ್ಡ್ ಪಿವಿ ಸಂಸ್ಥೆ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಮೊದಲ ವಾಣಿಜ್ಯ ಸರಕನ್ನು ಅಮೆರಿಕಕ್ಕೆ ಕಳುಹಿಸಿತು. ಆ ಫಲಕಗಳ ದಕ್ಷತೆ ಶೇ. 24.5. ಪ್ರಯೋಗಾಲಯದ ಸಣ್ಣ ಕೋಶಕ್ಕೂ ದೊಡ್ಡ ಫಲಕಕ್ಕೂ ಇರುವ ದೂರ ಶೇ. 34.85 ಮತ್ತು ಶೇ. 24.5 ಎಂಬ ಈ ಎರಡು ಸಂಖ್ಯೆಗಳಲ್ಲಿ ಕಾಣುತ್ತದೆ.

ಇಂಥ ಫಲಕಗಳು ನಮ್ಮ ಊರಿಗೆ ಬರುವ ತನಕ ನಮ್ಮ ನೆಲದ ಲೆಕ್ಕವನ್ನು ನಾವೇ ಇಟ್ಟುಕೊಳ್ಳಬಹುದು, ಶಾಲೆಯ ಮಕ್ಕಳೂ ಮಾಡಬಹುದಾದ ಕೆಲಸವಿದು. ಕೆಟ್ಟುಹೋದ ಸೋಲಾರ್ ಗಾರ್ಡನ್ ಲೈಟಿನಿಂದ ಸಣ್ಣ ಸಿಲಿಕಾನ್ ಕೋಶವೊಂದನ್ನು ಬಿಡಿಸಿ, ಅದರ ಎರಡು ತಂತಿಗಳನ್ನು ಮಿಲಿಆಂಪಿಯರ್‌ಗೆ ತಿರುಗಿಸಿದ ಮಲ್ಟಿಮೀಟರಿಗೆ ಕೊಡಿ. ಸೊಂಟದ ಎತ್ತರದಲ್ಲಿ ಕೋಲಿನ ತುದಿಗೆ ಕಟ್ಟಿ, ನಿಮ್ಮ ನೆರಳು ಅಡ್ಡ ಬರದಂತೆ ದೂರ ನಿಂತು, ಒಮ್ಮೆ ಕೋಶದ ಮುಖವನ್ನು ಆಕಾಶಕ್ಕೆ, ಒಮ್ಮೆ ನೆಲಕ್ಕೆ ಮಾಡಿ ಓದಿಕೊಳ್ಳಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಸಿಗುವುದು ಸಿಲಿಕಾನ್‌ನ ಕಣ್ಣಿಗೆ ನಿಮ್ಮ ನೆಲ ಎಷ್ಟು ಬೆಳ್ಳಗಿದೆ ಎಂಬ ಸಂಖ್ಯೆ. ಜನವರಿಯಲ್ಲಿ ಪಾರ್ಚ್‌ಮೆಂಟ್ ಹರಡಿದ ಕಣದ ಮೇಲೆ, ಏಪ್ರಿಲ್‌ನಲ್ಲಿ ಉತ್ತ ಕೆಂಪು ಮಣ್ಣಿನ ಮೇಲೆ, ಜುಲೈಯಲ್ಲಿ ಮಳೆ ಬಿಟ್ಟ ಹೊತ್ತಿನಲ್ಲಿ ಹುಲ್ಲಿನ ಮೇಲೆ, ಪ್ರತಿ ಸಲವೂ ಅದೇ ಕೋಶದಿಂದ, ಅದೇ ಎತ್ತರದಿಂದ ಅಳೆದು, ತಾರೀಖು ಮತ್ತು ಗಂಟೆಯ ಜೊತೆ ಬರೆದಿಡಿ.